ಗುರಿಗೆ ಹೂ ನೋಡಲು ಹೊರಟಿದ್ದೀರಾ? ಮೊದಲು ಯಾವ ಗುಡ್ಡ ಅಂತ ತೀರ್ಮಾನಿಸಿ

ನೀಲಕುರಿಂಜಿ, ನಮ್ಮ ಕಡೆ ಗುರಿಗೆ, ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ, ನಿಜ. ಆದರೆ ಎಲ್ಲ ಗುಡ್ಡಕ್ಕೂ ಒಂದೇ ವರ್ಷ ಸರದಿ ಬರುವುದಿಲ್ಲ. ಕೇರಳದ ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ 2018ರಲ್ಲಿ ಅರಳಿತ್ತು. ನಾವು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನ ಇಳಿಜಾರಿನಲ್ಲಿ ನೋಡಿದ್ದು 2022ರ ಸೆಪ್ಟೆಂಬರಿನಲ್ಲಿ. ಆ ಲೆಕ್ಕದಲ್ಲಿ ಅಲ್ಲಿಗೆ 2030, ಇಲ್ಲಿಗೆ 2034. ವಾಟ್ಸಾಪಿನಲ್ಲಿ ಬಂದ ಫೋಟೋ ನಂಬಿ ರಜೆ ಹಾಕಬೇಡಿ. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ ಅರಳಿದ್ದು ಇದೇ ಕುಲದ ಇನ್ನೊಂದು ಗಿಡ, ಸ್ಟ್ರೊಬೈಲಾಂಥಸ್ ಸೆಸಿಲಿಸ್. ಅದರ ಎಲೆಗೆ ತೊಟ್ಟಿರುವುದಿಲ್ಲ.

ಚಂದ್ರದ್ರೋಣದ ದಾರಿಯಲ್ಲಿ ಕೈಮರ ದಾಟಿ ಮೇಲೇರಿದಂತೆ ಕಾಫಿ ತೋಟ ಮುಗಿದು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು ಉಳಿಯುತ್ತದೆ. ಹೂವನ್ನು ಆ ಕಾಡಿನ ನೆರಳಲ್ಲಿ ಹುಡುಕಬೇಡಿ. ಗುರಿಗೆಗೆ ಬಿಸಿಲು ಬೀಳುವ ಹುಲ್ಲುಗಾವಲೇ ಬೇಕು, ಅದೂ ಸುಮಾರು 1300ರಿಂದ 2400 ಮೀಟರ್ ಎತ್ತರದಲ್ಲಿ. ಮಂಡಿಯಿಂದ ಸೊಂಟದವರೆಗಿನ ಪೊದೆ, ಎದುರುಬದುರು ಎಲೆ, ಗರಗಸದಂಥ ಅಂಚು, ಎದ್ದು ಕಾಣುವ ನರ. ಗಂಟೆಯಾಕಾರದ ಒಂದೇ ಹೂವನ್ನು ಹತ್ತಿರ ಹಿಡಿದು ನೋಡಿದರೆ, ನಿಜ ಹೇಳಬೇಕೆಂದರೆ, ಅಂಥ ವಿಶೇಷವೇನಿಲ್ಲ, ತೆಳು ನೀಲಿ ಅಷ್ಟೇ. ಇಡೀ ಇಳಿಜಾರು ಒಟ್ಟಿಗೆ ಅರಳಿದಾಗಲೇ ಅದರ ಬೆರಗು.

ಒಟ್ಟಿಗೆ ಅರಳಲು ಕಾರಣವಿದೆ: ಅಲ್ಲಿನ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಸಲ ಉದುರಿದ ಬೀಜದಿಂದ ಹುಟ್ಟಿದ ಸಮವಯಸ್ಕರು. ಒಮ್ಮೆ ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಸಿಡಿಸಿ ಸತ್ತೇ ಹೋಗುತ್ತವೆ. ಗಿಡಕ್ಕೆ ಎರಡನೇ ಅವಕಾಶವಿಲ್ಲ. ಸೆಲ್ಫಿಗೆಂದು ರೆಂಬೆ ಮುರಿದರೆ ಮುಂದಿನ ಪೀಳಿಗೆಯ ಬೀಜವೇ ಹೋಯಿತು. ನಾವು ಹೋದಾಗಲೂ ಕಂತೆ ಕಂತೆ ಕಿತ್ತು ಕಾರಿನಲ್ಲಿ ತುಂಬುವವರಿದ್ದರು, ನೋಡಿ ಮೈಯುರಿಯಿತು. ಮರುವರ್ಷ ಹೋದವರಿಗೆ ಒಣಕಡ್ಡಿ, ಅದರಡಿ ಸಣ್ಣ ಸಸಿ ಅಷ್ಟೇ ಸಿಕ್ಕೀತು.

ಆಗಸ್ಟಿನಲ್ಲಿ ಮಳೆ ಯಾವಾಗ ಜೋರಾಗುತ್ತದೋ ಹೇಳಲಾಗದು. 2018ರ ಪ್ರವಾಹದಿಂದ ಮುನ್ನಾರಿಗೆ ಹೊರಟಿದ್ದ ಎಷ್ಟೋ ಜನರ ಪ್ರವಾಸ ರದ್ದಾಯಿತು. ಸೆಪ್ಟೆಂಬರಿನ ಕೊನೆ ವಾಸಿ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಹೂವಿಗಿಂತ ಬಂಪರ್ ನೋಡುವುದೇ ಹೆಚ್ಚು, ಹಾಗಾಗಿ ಮಂಗಳವಾರ, ಬುಧವಾರ ಹೋಗಿ. ವಾಹನ ಪ್ರವೇಶದ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ವಿಚಾರಿಸಿ. ಮಂಜು ಮುಸುಕಿದರೆ ವಾಪಸ್ ಇಳಿಯಬೇಡಿ, ಅರ್ಧ ಗಂಟೆ ಕಾದರೆ ಸರಿದೀತು. ಕೊಡೆ ಗಾಳಿಗೆ ನಿಲ್ಲದು, ಜರ್ಕಿನ್ ಇರಲಿ. ಇಂಬಳಕ್ಕೆ ಉಪ್ಪು ಮರೆಯಬೇಡಿ. ಎರವಿಕುಳಂಗೆ ಹೋಗುವವರು ಸ್ವಂತ ಕಾರನ್ನು ಕೆಳಗೇ ಬಿಟ್ಟು, ಅರಣ್ಯ ಇಲಾಖೆಯ ಬಸ್ಸಿನಲ್ಲಿ, ಉದ್ಯಾನದಲ್ಲಿ ಪ್ರವಾಸಿಗರಿಗೆ ತೆರೆದಿರುವ ರಾಜಮಲೆ ಹತ್ತಬೇಕು.