ಅಸಲಿ ಹೌದು, ಈಗ ಅವಳನ್ನು ನೆಟ್ಟಗೆ ನಿಲ್ಲಿಸಿ

ನಮ್ಮ ಮನೆ ಷೋಕೇಸಿನಲ್ಲಿ ಗೇಣಿಗಿಂತ ಚಿಕ್ಕದೊಂದು ಪಿಂಗಾಣಿ ಗೊಂಬೆ ಇದೆ. ನಿಂಬೆಹಣ್ಣು ಮಾರುವ ಹೆಂಗಸು. ಬಂದವರೆಲ್ಲ ಕೇಳುವುದು ಎರಡೇ ಮಾತು: "ಅಸಲಿನಾ? ಎಷ್ಟಾಯ್ತು?" ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಅಸಲಿ. ಜರ್ಮನಿಯ ಮೈಸೆನ್ ಕಾರ್ಖಾನೆಯದು. ಅಡಿಯಲ್ಲಿ ನೀಲಿ ಬಣ್ಣದ ಎರಡು ಕತ್ತಿಗಳ ಗುರುತಿದೆ. ಆ ಗುರುತನ್ನು ನಕಲು ಮಾಡಿದವರೂ ಬೇಕಾದಷ್ಟು ಜನ ಇದ್ದಾರೆ, ಅದೊಂದನ್ನೇ ನೋಡಿ ನಂಬಬೇಡಿ. ರೂಪ 1750ರ ದಶಕದ್ದು, ಗೊಂಬೆ ಮಾತ್ರ 19ನೇ ಶತಮಾನದ್ದು. ಹಳೇ ಮಾದರಿಗಳನ್ನೇ ಅವರು ಮತ್ತೆ ಮತ್ತೆ ಮಾಡುತ್ತಾ ಬಂದಿದ್ದಾರೆ. ನಾನು ಡ್ರೆಸ್ಡನ್‌ನಲ್ಲಿದ್ದಾಗ, ಎಲ್ಬೆ ನದಿ ದಂಡೆಯ ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಕಿರುಬೆರಳು ಮುರಿದಿತ್ತು, ಅದಕ್ಕೇ ನನ್ನ ಕೈಗೆ ಎಟುಕಿತು. ಎಷ್ಟು ಅಂತ ಹೇಳುವುದಿಲ್ಲ.

ಹೇಳಿದರೆ ಅಲ್ಲಿಗೆ ಮಾತು ಮುಗಿಯುತ್ತದೆ, ಅದೇ ನನ್ನ ಸಿಟ್ಟು. ಜಾಸ್ತಿ ಅಂದರೆ "ಅಯ್ಯೋ, ಇಷ್ಟಕ್ಕೆ ಅಷ್ಟಾ?" ಕಡಿಮೆ ಅಂದರೆ "ಹಂಗಾದ್ರೆ ಡೂಪ್ಲಿಕೇಟ್ ಬಿಡಿ." ಅವಳ ಮುಖವನ್ನು ಯಾರೂ ನೋಡುವುದೇ ಇಲ್ಲ.

ಕಳೆದ ದಸರೆಗೆ ಗೊಂಬೆ ಕೂರಿಸಿದಾಗ ಅಮ್ಮ ಇವಳನ್ನೂ ಇಟ್ಟಳು. ಎಲ್ಲಿ ಗೊತ್ತಾ? ಅಕ್ಕಿ, ಬೇಳೆ, ಬೆಲ್ಲ ಮುಂದಿಟ್ಟುಕೊಂಡು ಕೂತ ಶೆಟ್ಟಿ, ಶೆಟ್ಟಮ್ಮನ ಪಕ್ಕದಲ್ಲಿ. ಅರಿಸಿನ ಕುಂಕುಮಕ್ಕೆ ಬಂದವರೊಬ್ಬರು ಕುಂಕುಮ ಮೆತ್ತಿದ ಕೈಯಲ್ಲೇ ಇವಳನ್ನು ಎತ್ತಿ, ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಬಿಟ್ಟು ಕತ್ತಿ ಗುರುತು ಹುಡುಕಿದರು. ಉಳಿದ ಒಂಬತ್ತು ಬೆರಳು ನೆನೆದು ನನಗೆ ಜೀವ ಬಾಯಿಗೆ ಬಂತು. ಅವರು ಹೋದ ಮೇಲೆ ಅಮ್ಮ ಅಂದಳು: "ವ್ಯಾಪಾರಕ್ಕೆ ನಿಂತವಳನ್ನ ಹಿಂಗೆ ಕಾಲು ಹಿಡಿದು ಎತ್ತುತ್ತಾರೇನೋ?" ಕುಂಕುಮ ಒರೆಸುತ್ತಾ ಕೇಳಿದಳು: "ಇವಳು ಏನಂತ ಕೂಗ್ತಾಳೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಅಮ್ಮ ಒಬ್ಬಳೇ. ಈ ಗೊಂಬೆಗಳ ಸಾಲಿಗೆ ಹೆಸರೇ 'ಪ್ಯಾರಿಸ್ಸಿನ ಕೂಗುಗಳು'! ಬೀದಿ ವ್ಯಾಪಾರಿಗಳ ಕೂಗು ಅಲ್ಲಿ ಎಷ್ಟು ಜನಪ್ರಿಯ ಅಂದರೆ 16ನೇ ಶತಮಾನದಲ್ಲೇ ಅದನ್ನು ಹಾಡು ಮಾಡಿದ್ದರು. ಬೂಶಾರ್ದೋನ್ ಎಂಬ ಶಿಲ್ಪಿ ಬಿಡಿಸಿದ ವ್ಯಾಪಾರಿಗಳ ಚಿತ್ರಗಳು 1737ರಿಂದ 1746ರವರೆಗೆ ಅಚ್ಚಾದವು, ಒಟ್ಟು 60. ಅವುಗಳಲ್ಲಿ ಹೊರೆಯ ಭಾರ ಕಾಣುತ್ತದೆ. ಮೈಸೆನ್ ಕಾರ್ಖಾನೆಯ ಶಿಲ್ಪಿ ಕೆಂಡ್ಲರ್ ಮೊದಲು ಅವುಗಳನ್ನು ನೋಡಿ ಗೊಂಬೆ ಮಾಡಿದರು. ಆಮೇಲೆ, 1753ರ ಸುಮಾರಿಗೆ, ಅವರೂ ಅದೇ ಕಾರ್ಖಾನೆಯ ಇನ್ನೊಬ್ಬ ಶಿಲ್ಪಿ ರೈನಿಕೆಯೂ ಸೇರಿ ಕ್ರಿಸ್ಟೋಫ್ ಹ್ಯುಎ ಬರೆದ ಚಿತ್ರಗಳಿಂದ ಇನ್ನೊಂದು ಸಾಲು ಮಾಡಿದರು. ನಮ್ಮವಳು ಈ ಎರಡನೇ ಸಾಲಿನವಳು. ಬಟ್ಟೆ ತೀರಾ ಚೊಕ್ಕಟ. ಯಾಕಂದರೆ ಇಂಥ ಗೊಂಬೆಗಳು ನಿಲ್ಲುತ್ತಿದ್ದದ್ದು ಶ್ರೀಮಂತರ ಊಟದ ಮೇಜಿನ ಮೇಲೆ, ಸಿಹಿ ಬಡಿಸುವ ಹೊತ್ತಿಗೆ. ಮೊದಲು ಆ ಜಾಗದಲ್ಲಿ ಸಕ್ಕರೆ ಗೊಂಬೆ ಇಡುತ್ತಿದ್ದರು. ಬೀದಿಯಲ್ಲಿ ನಿಂತು ಒಂದು ನಿಂಬೆಹಣ್ಣಿಗೂ ಚೌಕಾಸಿ ಮಾಡಿರದ ಜನ ಅವರು.

ಆದರೆ ಕೆಲಸ ಮಾಡಿದ ಕೈ ಮೋಸ ಮಾಡಿಲ್ಲ. ತಲೆ, ಕೈ, ಬುಟ್ಟಿ ಎಲ್ಲಾ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು, ನೀರಲ್ಲಿ ತೆಳುವಾಗಿ ಕಲಸಿದ ಮಣ್ಣಿನಿಂದ ಅಂಟಿಸುತ್ತಾರೆ. ಭಟ್ಟಿಯಲ್ಲಿ ಸುಮಾರು 1400 ಡಿಗ್ರಿಯಲ್ಲಿ ಬೆಂದು ಗೊಂಬೆ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ. ಅಷ್ಟಾದರೂ ಇವಳ ಬೆರಳಿಗೆ ಉಗುರಿದೆ. ತೊಗರಿಕಾಳಿನಷ್ಟು ನಿಂಬೆಹಣ್ಣು, ಒಂದೊಂದಕ್ಕೂ ಚೂಪು ತುದಿ. ತುಟಿ ಒಂದು ಎಳೆಯಷ್ಟು ತೆರೆದಿದೆ. ಕೂಗುವ ಮುಂಚೆಯೋ, ಕೂಗಿ ಆದ ಮೇಲೋ?

ನಾನು ಇದನ್ನೇ ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು, ಮುಖ ನೋಡಿದಳು, ಬುಟ್ಟಿ ನೋಡಿದಳು.

"ಬುಟ್ಟಿ ತುಂಬಾ ಹಾಗೇ ಇದೆಯಲ್ಲೋ. ಬೋಣಿ ಆಗಿಲ್ಲ ಪಾಪ."

ಸೊಂಟದ ಚೀಲದಿಂದ ಒಂದು ರೂಪಾಯಿ ತೆಗೆದು ಅವಳ ಮುಂದೆ ಇಟ್ಟಳು.