ಹದಿಮೂರು ತಲೆ, ಎಂಟು ಮೂಲೆ

ನಮ್ಮ ಮನೆಯಲ್ಲಿ 16 ಜನ. ಬಚ್ಚಲು ಮನೆ ಎರಡು. ಉಳಿದದ್ದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ತಾತ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಮತ್ತೆ ನಾವು ಎಂಟು ಮಕ್ಕಳು. ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ, ಕಾಫಿ ತೋಟದ ಮಧ್ಯೆ ಹಳೇ ಹಂಚಿನ ಮನೆ. ನಡುವೆ ತೊಟ್ಟಿ, ಸುತ್ತ ಜಗಲಿ. ಈ ಮೂಲೆಯಲ್ಲಿ ಯಾರಾದರೂ ಕೆಮ್ಮಿದರೆ ಆ ಮೂಲೆಯಿಂದ ಅಜ್ಜಿ "ಕಷಾಯ ಕುಡಿ" ಅನ್ನುತ್ತಾರೆ. ಯಾರು ಕೆಮ್ಮಿದ್ದು ಅಂತಲೂ ಕೇಳಲ್ಲ.

ನಾನು ಶಾಲೆಗೆ ಹೋಗಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಐದನೇ ಕ್ಲಾಸಿನಲ್ಲಿದ್ದೆ. ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಕಣದ ತುದಿಯ ಹಲಸಿನ ಮರದ ಕೆಳಗೆ ಮಾತ್ರ. ಮಳೆ ಬಂದರೆ ಅದೂ ಇಲ್ಲ. ಮದುವೆಗೆ ಮುಂಚೆ ಟೀಚರ್ ಆಗಿದ್ದ ಅಮ್ಮ, "ಇದಕ್ಕಿಂತ ನಾನೇ ಹೇಳಿಕೊಡ್ತೀನಿ" ಅಂದಳು. ಶಾಲೆ ಮತ್ತೆ ಶುರುವಾಯಿತು, ನಾನು ಮಾತ್ರ ವಾಪಸ್ ಹೋಗಲಿಲ್ಲ. ತಮ್ಮ, ತಂಗಿಯೂ ಹೋಗಲಿಲ್ಲ. ಬರೋ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುತ್ತೇನೆ. 14 ತುಂಬಿದರೆ ಅಲ್ಲಿ ಹೆಸರು ಕಟ್ಟಬಹುದು, ಐದು ವಿಷಯ ಪಾಸಾದರೆ ಸಾಕು. ಇದನ್ನೆಲ್ಲ ಪ್ರತಿ ಮದುವೆ ಮನೆಯಲ್ಲೂ ವಿವರಿಸಬೇಕಾಗುತ್ತದೆ. ಒಬ್ಬರು ಅತ್ತೆ ಪೂರ್ತಿ ಕೇಳಿಸಿಕೊಂಡು, ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಗಂಡು ಏನಾದ್ರೂ ನೋಡ್ತಾ ಇದೀರಾ?" ಅಂದಿದ್ದರು. ನನಗೆ ಆಗ ಹದಿನಾಲ್ಕು.

ಶಾಲೆ ಇಲ್ಲದಿದ್ದರೆ ಬೇಕಾದಷ್ಟು ಸಮಯ ಇರುತ್ತೆ ಅಂತ ಜನ ಅಂದುಕೊಳ್ಳುತ್ತಾರೆ. ಸಮಯ ಇರುತ್ತೆ, ಜಾಗ ಇರಲ್ಲ. ಓದಲು ಅಟ್ಟ ಹತ್ತುತ್ತೇನೆ, ಮೆಣಸಿನ ಚೀಲಗಳ ಮಧ್ಯೆ ಕೂರುತ್ತೇನೆ. ಹತ್ತು ನಿಮಿಷಕ್ಕೆ ಚಿಕ್ಕಪ್ಪನ ಅವಳಿಗಳು ಏಣಿ ಹತ್ತಿ ಬರುತ್ತವೆ. ಅವರನ್ನು ಹುಡುಕಿಕೊಂಡು ಚಿಕ್ಕಮ್ಮ. ಚಿಕ್ಕಮ್ಮನನ್ನು ಹುಡುಕಿಕೊಂಡು ಬೆಕ್ಕು.

ನನಗೆ ಕ್ಯಾಸಲ್ ಹುಚ್ಚು ಹಿಡಿದದ್ದು ಬಹುಶಃ ಅದಕ್ಕೇ. ದೊಡ್ಡಣ್ಣ ಹಾಸನದಿಂದ ಹಳೇ ಪುಸ್ತಕವೊಂದನ್ನು ತಂದುಕೊಟ್ಟಿದ್ದ. ಅದರ ತುಂಬ ಯುರೋಪಿನ ಕ್ಯಾಸಲ್‌ಗಳು. ದುಂಡನೆಯ ಗೋಪುರ, ಮೇಲೆ ಒಂದೇ ಕಿಟಕಿ. ಆ ಕಿಟಕಿಯ ಹಿಂದಿನ ಕೋಣೆ ನನ್ನದು ಅಂತ ಅವತ್ತೇ ತೀರ್ಮಾನ ಆಯಿತು. ಬಾಗಿಲಿಗೆ ಒಳಗಿನಿಂದ ಚಿಲಕ.

ಕ್ಯಾಸಲ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ನಾನೂ ಅಮ್ಮನೂ ಒಂದು ಮಧ್ಯಾಹ್ನ ಪೂರ್ತಿ ಕಿತ್ತಾಡಿದ್ದೇವೆ. ಕೋಟೆ ಅಂದರೆ ಚಿತ್ರದುರ್ಗದ ಹಾಗೆ, ಬೆಟ್ಟಕ್ಕೆ ಬೆಟ್ಟವನ್ನೇ ಸುತ್ತುವರಿದದ್ದೂ ಕೋಟೆಯೇ. ಅರಮನೆ ಅಂದರೆ ಮೈಸೂರಿನದು, ಚೆಂದ ಕಾಣಲಿಕ್ಕೆ ಅಂತಲೇ ಕಟ್ಟಿದ್ದು. ಕ್ಯಾಸಲ್ ಇವೆರಡರ ಮಧ್ಯದ್ದು. ಒಬ್ಬ ಯಜಮಾನ, ಅವನ ಸಂಸಾರ, ಆಳುಕಾಳು, ಕುದುರೆ, ದವಸ, ಎಲ್ಲ ಒಂದೇ ದಪ್ಪ ಗೋಡೆಯ ಒಳಗೆ.

"ಹಂಗಾದ್ರೆ ನಮ್ಮನೆನೇ ಅಲ್ವಾ?" ಅಂದಳು ಅಮ್ಮ.

ನನಗೆ ಸಿಟ್ಟು ಬಂತು. ಆದರೆ ಓದುತ್ತಾ ಹೋದ ಹಾಗೆ ಅಮ್ಮನೇ ಸರಿ ಅನ್ನಿಸತೊಡಗಿತು. ಹಳೇ ಕ್ಯಾಸಲ್‌ಗಳಲ್ಲಿ ಒಂದು ದೊಡ್ಡ ಹಜಾರ ಇರುತ್ತಿತ್ತು. ಊಟ ಅಲ್ಲೇ, ಪಂಚಾಯ್ತಿ ಅಲ್ಲೇ, ರಾತ್ರಿಯಾದರೆ ಆಳುಗಳು ಸಾಲಾಗಿ ಮಲಗುವುದೂ ಅಲ್ಲೇ. ಒಂಟಿ ಕೋಣೆ ಅನ್ನುವುದು ಯಜಮಾನನಿಗೇ ಅಪರೂಪ. ಅವನ ಮಂಚಕ್ಕೆ ಸುತ್ತ ಪರದೆ ಕಟ್ಟುತ್ತಿದ್ದದ್ದು ಚಳಿಗೆ ಒಂದು, ಸುತ್ತಲಿದ್ದವರ ಕಣ್ಣಿಗೆ ಇನ್ನೊಂದು. ನನ್ನ ಗೋಪುರದ ಕೋಣೆಯಲ್ಲೂ ನಿಜವಾಗಿ ಇರುತ್ತಿದ್ದದ್ದು ಕಾವಲುಗಾರರೋ, ಕಾಳಿನ ಚೀಲವೋ. ಮತ್ತೆ ಅಟ್ಟವೇ ಆಯಿತಲ್ಲ.

ಫ್ರಾನ್ಸಿನ ಗೆಡೆಲೋನ್ ಅನ್ನುವ ಕಡೆ 1997ರಿಂದ ಹೊಸದಾಗಿ ಒಂದು ಕ್ಯಾಸಲ್ ಕಟ್ಟುತ್ತಿದ್ದಾರೆ. 13ನೇ ಶತಮಾನದ ರೀತಿಯಲ್ಲಿ. ಕಲ್ಲು ಅಲ್ಲೇ ಒಡೆಯುತ್ತಾರೆ, ಮರ ಅಲ್ಲೇ ಕಡಿಯುತ್ತಾರೆ. ದೊಡ್ಡ ಮರದ ಚಕ್ರದೊಳಗೆ ಮನುಷ್ಯರೇ ನಡೆದು ಕಲ್ಲು ಮೇಲೆತ್ತುತ್ತಾರೆ. ಇದನ್ನು ನಾನು ಊಟಕ್ಕೆ ಕೂತಾಗ ಹೇಳಿದರೆ ಚಿಕ್ಕಪ್ಪ, "ಇಪ್ಪತ್ತೈದು ವರ್ಷಕ್ಕೂ ಮುಗಿದಿಲ್ವಾ? ಮೇಸ್ತ್ರಿ ನಮ್ಮ ಕಡೆಯವನೇ ಇರಬೇಕು" ಅಂದರು. ನಮ್ಮ ಎರಡನೇ ಬಚ್ಚಲು ಮನೆ ಮುಗಿಯಲು ಮೂರು ವರ್ಷ ಹಿಡಿದಿತ್ತು, ಆ ಕೋಪ ಇನ್ನೂ ಇಳಿದಿಲ್ಲ.

ಹೀಗೆ ಕ್ಯಾಸಲ್ ಕ್ಯಾಸಲ್ ಅಂತ ತಲೆ ತಿನ್ನುತ್ತಿದ್ದೆ ಅಂತ, ಹೋದ ದಸರಾ ರಜೆಯಲ್ಲಿ ಅಪ್ಪ, "ಪಕ್ಕದಲ್ಲೇ ಮಂಜರಾಬಾದ್ ಕೋಟೆ ಇದೆಯಲ್ಲ, ಮೊದಲು ಅದನ್ನ ನೋಡು ಬಾ" ಅಂದರು. ನಾನೊಬ್ಬಳೇ ಅಪ್ಪನ ಬೈಕಿನಲ್ಲಿ ಹೋಗುವುದು ಅಂತ ಇತ್ತು. ನಮ್ಮನೆಯಲ್ಲಿ ಅದೆಲ್ಲಿ ಆಗುತ್ತದೆ? ಬೆಳಗ್ಗೆ ನೋಡಿದರೆ ಹದಿಮೂರು ಜನ ತಯಾರು. ಮಂಡಿ ನೋವಿಗೆ ಅಜ್ಜಿ, ಅಜ್ಜಿಗೆ ಜೊತೆ ಅಂತ ದೊಡ್ಡಮ್ಮ, ತೋಟಕ್ಕೆ ಅಂತ ದೊಡ್ಡಪ್ಪ, ಇಷ್ಟೇ ಮನೆಯಲ್ಲಿ ಉಳಿದದ್ದು. ಅಣ್ಣಂದಿರಿಬ್ಬರು ಬೈಕಿನಲ್ಲಿ, ಮಿಕ್ಕ ಹನ್ನೊಂದು ಜನ ಜೀಪಿನಲ್ಲಿ. ಆಯುಧ ಪೂಜೆಯ ಚೆಂಡು ಹೂವಿನ ಹಾರ ಬಾನೆಟ್ ಮೇಲೆ ಇನ್ನೂ ಹಾಗೇ ಇತ್ತು, ಅರ್ಧ ಬಾಡಿ. ಹಿಂದೆ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಉಂಡೆ ಕಡುಬು, ಕ್ಯಾರಿಯರ್‌ನಲ್ಲಿ ಕೋಳಿ ಸಾರು, ಇನ್ನೊಂದರಲ್ಲಿ ಕಾಯಿ ಚಟ್ನಿ.

ಹೊರಡುವ ಹೊತ್ತಿಗೆ ಅಪ್ಪನ ಮೊಬೈಲಿಗೆ ಮೆಸೇಜ್ ಬಂತು. ರಸ್ತೆ ಪಕ್ಕದ ತೋಟದಲ್ಲಿ ಆನೆ ಇದೆ, ಯಾರೂ ಬರಬೇಡಿ ಅಂತ. ಒಂದು ಗಂಟೆ ಕಾದೆವು. ನಮ್ಮ ಕಡೆ ಇದು ಮಳೆ ಬಂದಷ್ಟೇ ಮಾಮೂಲು. ನಮ್ಮ ತೋಟದ ಹಿಂದೆಯೂ ಆನೆ ಕಂದಕ ಇದೆ. ಆನೆಗಳು ಅದರ ಅಂಚನ್ನು ಕಾಲಲ್ಲಿ ಒದ್ದು ಒದ್ದು ಮಣ್ಣು ಬೀಳಿಸಿ, ಇಳಿಜಾರು ಮಾಡಿಕೊಂಡು ಆರಾಮಾಗಿ ದಾಟುತ್ತವೆ. ಪುಸ್ತಕದಲ್ಲಿ ಕ್ಯಾಸಲ್ ಸುತ್ತ ಕಂದಕ ಅಂತ ಓದುವಾಗ ನನ್ನ ಕಣ್ಣಿಗೆ ಬರುವುದು ಅದೇ. ನೀರಿಲ್ಲ, ಮೊಸಳೆ ಇಲ್ಲ, ತುಂಬ ಲಂಟಾನ.

ಮಂಜರಾಬಾದ್ ಕೋಟೆ ಇರುವುದು ಸಕಲೇಶಪುರದಿಂದ ಆರೇಳು ಕಿಲೋಮೀಟರ್ ಆಚೆ, ಮಂಗಳೂರು ಹೆದ್ದಾರಿಯ ಪಕ್ಕದ ದೋಣಿಗಾಲ್ ಹತ್ತಿರ. ಮೆಟ್ಟಿಲು ಸುಮಾರು 250. ಎಂಟು ಮಕ್ಕಳೂ ಎಣಿಸಿದೆವು, ಎಂಟು ಲೆಕ್ಕ ಬಂತು. ನಾವು ಹತ್ತಿದಾಗ ಮಂಜು ಎಷ್ಟಿತ್ತೆಂದರೆ, ಮುಂದೆ ಹೋಗುತ್ತಿದ್ದ ಚಿಕ್ಕಮ್ಮನ ಸೀರೆಯ ಬಣ್ಣ ಗೊತ್ತಾಗುತ್ತಿತ್ತು, ಚಿಕ್ಕಮ್ಮ ಕಾಣುತ್ತಿರಲಿಲ್ಲ. ಟಿಪ್ಪು ಬಂದಾಗಲೂ ಹೀಗೇ ಮಂಜು ಕವಿದಿತ್ತಂತೆ, ಅದಕ್ಕೇ ಮಂಜರಾಬಾದ್ ಅಂತ ಹೆಸರಿಟ್ಟನಂತೆ. ಈ ಕಥೆಯನ್ನು ಹತ್ತುತ್ತಾ ಹತ್ತುತ್ತಾ ತಾತ ನಾಲ್ಕು ಸಲ ಹೇಳಿದರು.

ಮೇಲೆ ಹೋದರೆ ಗೋಪುರ ಇಲ್ಲ. ನನಗೆ ಗೊತ್ತಿತ್ತು, ಆದರೂ ಒಂದು ಕ್ಷಣ ಮುಖ ಸಪ್ಪಗಾಯಿತು. ಎತ್ತರವೇ ಇಲ್ಲದ, ಅಗಲವಾದ ಗೋಡೆ. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಮಂಜಿನಲ್ಲಿ ನಮಗೆ ಕಂಡದ್ದು ಒಂದೂವರೆ ಮೂಲೆ.

ನಾನು ಮೇಡಂ ಆದೆ. ಎತ್ತರದ ಗೋಡೆ, ದುಂಡು ಗೋಪುರ ಎಲ್ಲ ಬಾಣದ ಕಾಲಕ್ಕೆ ಸರಿ. ಫಿರಂಗಿ ಬಂದ ಮೇಲೆ ಎತ್ತರದ ಗೋಡೆ ಅಂದರೆ ಹೊಡೆಯಲಿಕ್ಕೆ ಸುಲಭ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದಾಗ ಅದು ಎಲ್ಲರಿಗೂ ಅರ್ಥವಾಯಿತು. ಅದಕ್ಕೇ ಗೋಡೆ ತಗ್ಗಾಯಿತು, ದಪ್ಪವಾಯಿತು. ಇನ್ನೊಂದು ತೊಂದರೆ, ದುಂಡು ಗೋಪುರದ ಬುಡಕ್ಕೆ ಶತ್ರು ಬಂದು ಅಂಟಿಕೊಂಡು ನಿಂತರೆ ಬೇರೆ ಗೋಪುರದವರಿಗೆ ಅವನು ಕಾಣುವುದೇ ಇಲ್ಲ. ನಕ್ಷತ್ರ ಮಾಡಿದರೆ ಒಂದು ಮೂಲೆಯ ಗೋಡೆ ಪಕ್ಕದ ಮೂಲೆಯವರ ಕಣ್ಣಿಗೆ ಪೂರ್ತಿ ಬೀಳುತ್ತದೆ. ಅವಿತುಕೊಳ್ಳಲು ಒಂದು ಗೇಣು ಜಾಗ ಸಿಗಲ್ಲ. ಫ್ರಾನ್ಸಿನ ವೋಬಾನ್ ಅನ್ನುವ ಎಂಜಿನಿಯರ್ ಇದರಲ್ಲಿ ದೊಡ್ಡ ಹೆಸರು, ಅವನು ಸತ್ತದ್ದು 1707ರಲ್ಲಿ. ಟಿಪ್ಪುವಿಗೆ ಫ್ರೆಂಚರ ಸ್ನೇಹ ಇತ್ತು, ಆ ವಿದ್ಯೆ ಹಾಗೆ ನಮ್ಮ ಘಟ್ಟದ ತಲೆಗೆ ಬಂತು. 1792ರಲ್ಲಿ ಕೋಟೆ ಮುಗಿಯಿತು. ಹೊರಗೋಡೆಗೆ ಕಗ್ಗಲ್ಲು, ಸುಣ್ಣದ ಗಾರೆ. ಒಳಗಿನ ಕಟ್ಟಡಕ್ಕೆ ಸುಟ್ಟ ಇಟ್ಟಿಗೆ.

ಇಷ್ಟು ಹೇಳುವಷ್ಟರಲ್ಲಿ ಕೇಳುವವರು ತಮ್ಮ ಒಬ್ಬನೇ ಉಳಿದಿದ್ದ. "ಕ್ಯಾಸಲ್‌ನಲ್ಲಿ ಕಕ್ಕಸು ಎಲ್ಲಿರ್ತಿತ್ತು?" ಅಂತ ಕೇಳಿದ. ಗೋಡೆಯಿಂದ ಹೊರಗೆ ಚಾಚಿದ ಸಣ್ಣ ಗೂಡು, ಕೆಳಗೆ ತೂತು, ನೇರ ಕಂದಕಕ್ಕೆ ಅಂದೆ. ಓಡಿಹೋಗಿ ಎಲ್ಲರಿಗೂ ಹೇಳಿದ. ವೋಬಾನ್ ಯಾರಿಗೂ ನೆನಪಿಲ್ಲ, ಕಕ್ಕಸು ಮಾತ್ರ ಇವತ್ತಿಗೂ ನಾಲ್ಕು ವರ್ಷದ ಪುಟ್ಟನಿಗೂ ಗೊತ್ತು.

ಆ 1792 ನನಗೆ ಬೇರೆ ಕಾರಣಕ್ಕೆ ಮರೆಯಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಇಂಗ್ಲಿಷರ ಹತ್ತಿರ ಒತ್ತೆ ಇಟ್ಟ. ಸಮಾಜ ವಿಜ್ಞಾನದಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ. ನಾನು ಯೋಚಿಸುವುದು ಅವರ ಅರಮನೆಯ ರಾತ್ರಿ ಊಟದ ಪಂಕ್ತಿಯನ್ನು. ಅವರ ಮನೆಯೂ ದೊಡ್ಡದೇ, ತುಂಬ ಮಕ್ಕಳು. ಎರಡು ತಟ್ಟೆ ಕಮ್ಮಿ ಅಂತ ಯಾರು ಮೊದಲು ಗಮನಿಸಿರುತ್ತಾರೆ?

ಕೋಟೆಯ ಮಧ್ಯೆ ಶಿಲುಬೆ ಆಕಾರದ ಕೊಳ ಇದೆ, ನಾಲ್ಕು ಕಡೆಯಿಂದ ಮೆಟ್ಟಿಲು. ಅದರ ಹತ್ತಿರವೇ ನೆಲದೊಳಗೆ ಅರ್ಧ ಹುದುಗಿದ ಎರಡು ಕೋಣೆ, ಮದ್ದುಗುಂಡು ಇಡುತ್ತಿದ್ದ ಮದ್ದಿನ ಮನೆ. ಎಲ್ಲರೂ ಗೋಡೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋದಲ್ಲಿ ಬರೀ ಬಿಳಿ ಬರುತ್ತಿತ್ತು, ಆದರೂ ತೆಗೆಯುತ್ತಿದ್ದರು. ನಾನು ಸುಮ್ನೆ ಒಂದು ಕೋಣೆಯೊಳಗೆ ಇಳಿದೆ.

ಒಳಗೆ ತಣ್ಣಗಿತ್ತು. ಬಾವಲಿ ವಾಸನೆ. ಗೋಡೆಯ ಮೇಲೆ ಯಾರ್‍ಯಾರದೋ ಹೆಸರು, ಬಾಣ ಚುಚ್ಚಿದ ಹೃದಯ. ಗಾರೆಯ ಒಂದು ಚೂರು ಬೆರಳಿಗೆ ತಾಗಿ ಪುಡಿಯಾಯಿತು, ಅಜ್ಜಿಯ ಎಲೆ ಅಡಿಕೆ ಡಬ್ಬಿಯ ಸುಣ್ಣದ ಹಾಗೆ ಉಗುರಿನೊಳಗೆ ಸೇರಿಕೊಂಡಿತು. ಮೇಲೆ ಅವಳಿಗಳ ಕಿರುಚಾಟ ಎಲ್ಲೋ ಪಕ್ಕದೂರಿನಿಂದ ಬಂದ ಹಾಗೆ ಕೇಳುತ್ತಿತ್ತು. ಒಂದು ಕಲ್ಲಿನ ಮೇಲೆ ಕೂತೆ. ಯಾರೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತೆ. ಆಗಲೂ ಯಾರೂ ಬರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ನನಗೆ ಗೋಪುರದ ಕೋಣೆ ಸಿಕ್ಕಿತ್ತು, ಅದೂ ನೆಲದ ಕೆಳಗೆ.

ಮೊದಲ ಹತ್ತು ನಿಮಿಷ ಸ್ವರ್ಗ. ಆಮೇಲಿನ ಹತ್ತು ನಿಮಿಷ, ಇವರು ಈಗ ಕೂಗಬಹುದು, ಕೂಗಿದರೂ ತಕ್ಷಣ ಓ ಅನ್ನಬಾರದು ಅಂತ ಯೋಚಿಸುತ್ತಾ ಕೂತೆ. ಆಮೇಲೆ ಯಾಕೋ ಸಿಟ್ಟು ಬರತೊಡಗಿತು. ಮನೆಯಲ್ಲಿ ಒಂದು ಪುಟ ಓದಲು ಬಿಡದವರು ಇಲ್ಲಿ ಏನು ಮಾಡುತ್ತಿದ್ದಾರೆ?

ಮೇಲೆ ಬಂದು ನೋಡಿದರೆ ಮಂಜು ಹಾಗೇ ಇತ್ತು. ಜನ ಇರಲಿಲ್ಲ. ಕೊಳದ ಸುತ್ತ ಒಂದು ಸುತ್ತು ಹಾಕಿದೆ. ಗೋಡೆಯ ಮೇಲೂ ಯಾರೂ ಇಲ್ಲ. ಎಂಟು ಮೂಲೆಯಲ್ಲಿ ಒಂದರಿಂದಲೂ ನನ್ನನ್ನು ನೋಡುವವರಿಲ್ಲ. ಎದೆ ಡವಡವ ಅನ್ನತೊಡಗಿತು. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ, ಎಣಿಸಲಂತೂ ಇಲ್ಲ.

ಕೆಳಗೆ ಜೀಪಿನ ಸುತ್ತ ಎಲ್ಲರೂ ಕೂತು ಕಡುಬು ತಿನ್ನುತ್ತಿದ್ದರು.

ಆಗಿದ್ದು ಇಷ್ಟು. ತಾತನಿಗೆ ಎಣಿಸುವುದು ಚಟ. ಕಾಫಿ ಕೊಯ್ಯುವ ಆಳುಗಳನ್ನು, ಚೀಲಗಳನ್ನು, ನಮ್ಮನ್ನು, ಎಲ್ಲವನ್ನೂ ಊರುಗೋಲು ತೋರಿಸಿ ತೋರಿಸಿ ಎಣಿಸುತ್ತಾರೆ. ಹೊಳೆ ದಾಟಿದ ಹತ್ತು ಜನ ದಡ್ಡರ ಕಥೆ ಇದೆಯಲ್ಲ, ಎಣಿಸುವವನು ತನ್ನನ್ನೇ ಬಿಟ್ಟು ಎಣಿಸಿ ಒಬ್ಬ ಸತ್ತ ಅಂತ ಅಳುವುದು, ಆ ತಪ್ಪನ್ನು ತಾತ ಮಾಡಲ್ಲ. ಮೊದಲು ತಮ್ಮ ಎದೆ ಮುಟ್ಟಿ "ಒಂದು" ಅಂದೇ ಶುರು ಮಾಡುವುದು. ಕೋಟೆ ಬಾಗಿಲಲ್ಲಿ ನಿಂತು ಎಣಿಸಿದ್ದಾರೆ. ಹದಿಮೂರು. "ನಡೀರಿ" ಅಂದಿದ್ದಾರೆ. ಅಮ್ಮ ನಾನು ಅಣ್ಣಂದಿರ ಜೊತೆ ಇದ್ದೇನೆ ಅಂದುಕೊಂಡಳು. ಅಣ್ಣಂದಿರು ಚಿಕ್ಕಮ್ಮನ ಜೊತೆ ಅಂದುಕೊಂಡರು. ಚಿಕ್ಕಮ್ಮ ಅಮ್ಮನ ಜೊತೆ ಅಂದುಕೊಂಡರು. ಯಾರಿಗೂ ಅನುಮಾನ ಬಂದಿಲ್ಲ. ಲೆಕ್ಕ ಸರಿಯಾಗಿತ್ತಲ್ಲ.

ಹದಿಮೂರನೆಯವಳು ನನ್ನ ಹಾಗೇ ನೀಲಿ ಜರ್ಕಿನ್ ಹಾಕಿಕೊಂಡು, ಜೀಪಿನ ಹಿಂದಿನ ಬಾಗಿಲ ಮೇಲೆ ಕೂತು, ಎರಡೂ ಕಾಲು ಆಡಿಸುತ್ತಾ ನಮ್ಮ ಕಡುಬು ತಿನ್ನುತ್ತಿದ್ದಳು. ಅರಸೀಕೆರೆ ಕಡೆಯವರಂತೆ. ಅವಳ ಅಪ್ಪ ಅಮ್ಮ ಪಕ್ಕದಲ್ಲೇ ಸಂಕೋಚದಿಂದ ನಿಂತಿದ್ದರು. ಮೇಲೆ ಅವಳಿಗಳು ಅವಳನ್ನು ಆಟಕ್ಕೆ ಸೇರಿಸಿಕೊಂಡಿದ್ದವಂತೆ, ಕೆಳಗೆ ಬಂದಾಗ ಅಮ್ಮ ಊಟಕ್ಕೆ ಸೇರಿಸಿಕೊಂಡಿದ್ದಳು.

"ಎಲ್ಲಿಗೆ ಹೋಗಿದ್ಯೇ? ಚಟ್ನಿ ಖಾಲಿ ಆಯ್ತು ನೋಡು" ಅಂದಳು ಅಮ್ಮ.

ನಾನು ಮಾತಾಡಲಿಲ್ಲ. ಆ ಹುಡುಗಿ ಸ್ವಲ್ಪ ಸರಿದು ಜಾಗ ಬಿಟ್ಟಳು. ಕೂತೆ. ಡಬ್ಬಿಯಲ್ಲಿ ಎರಡು ಕಡುಬು ಉಳಿದಿತ್ತು. ಒಂದು ನಾನು ತೆಗೆದುಕೊಂಡೆ, ಒಂದು ಅವಳು.

ಎದುರಿಗೆ ತಾತ ಊರುಗೋಲು ಎತ್ತಿ ಮೊದಲಿನಿಂದ ಎಣಿಸಿದರು. ತಡೆದರು. ಮತ್ತೆ ಎದೆ ಮುಟ್ಟಿಕೊಂಡು ಒಂದರಿಂದ ಶುರು ಮಾಡಿದರು.

"ಇದೇನ್ರೋ," ಅಂದರು ಅಪ್ಪನ ಕಡೆ ತಿರುಗಿ, "ಬರುವಾಗ ಹದಿಮೂರಲ್ವಾ?"