ಅಭಿಜಿನ್ ಮುಹೂರ್ತಕ್ಕೆ ಕಾರು ಎಲ್ಲಿ ನಿಲ್ಲಿಸಬೇಕು?

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಫ್ಲ್ಯಾಟು ಸ್ಕೂಟರುಗಳ ಕಾಲದ್ದು. ಕೆಳಗೆ ಮಾಡಿನಡಿಯ ಜಾಗ ನಾಲ್ಕು ಕಾರಿಗೇ ಮುಗಿದುಹೋಗುತ್ತದೆ. ಉಳಿದವರದ್ದೆಲ್ಲ ಬಯಲೇ ಗತಿ. ಮಳೆಗಾಲದಲ್ಲಿ ಸೀಟಿಗೆ ಬೂಸಲು, ಬಾನೆಟ್ಟಿನೊಳಗೆ ಇಲಿ. ಮಾರ್ಚ್ ಬಂತೆಂದರೆ ಬಿಸಿಲು. "ಮರದ ಅಡಿ ನಿಲ್ಲಿಸಿ" ಎಂದು ಸಲಹೆ ಕೊಡುವವರು ಸಾಮಾನ್ಯವಾಗಿ ಘಟ್ಟದ ಮೇಲಿನವರು. ನಮ್ಮಲ್ಲಿ ತೆಂಗಿನ ಮರದಡಿ ಕಾರು ಬಿಟ್ಟು ನಿದ್ದೆ ಮಾಡುವವನಿಗೆ ಇನ್ಶೂರೆನ್ಸಿನ ಮೇಲೆ ಭಾರೀ ಭಕ್ತಿ ಇರಬೇಕು. ಮಾವಿನ ಮರವಾದರೆ ಸೊನೆ, ನೇರಳೆಯಾದರೆ ಬಣ್ಣ, ಎರಡೂ ಅಲ್ಲದಿದ್ದರೆ ಕಾಗೆ. ಹಿಕ್ಕೆ ಬಿಸಿಲಿಗೆ ಒಣಗಿದರೆ ಪೈಂಟನ್ನೇ ಕಚ್ಚಿ ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಗ್ಯಾರಂಟಿ. ಒದ್ದೆ ಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಮೇಲೆ ಹಾಕಿಟ್ಟು, ಮೆತ್ತಗಾದ ಮೇಲೆ ಎತ್ತಬೇಕು. ಇದನ್ನೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಹೆಂಡತಿಯ ಕಡೆಯ ಒಂದು ಮದುವೆ ಇತ್ತು, ಉಡುಪಿಯ ಅಂಬಲಪಾಡಿ ಕಡೆಯ ಒಂದು ಹಾಲಿನಲ್ಲಿ. ಕೆನಡಾದ ವಿನ್ನಿಪೆಗ್‌ನಲ್ಲಿರುವ ನನ್ನ ಭಾವ, ಅಂದರೆ ಹೆಂಡತಿಯ ತಮ್ಮ, ರಜೆಯಲ್ಲಿ ಬಂದಿದ್ದ. ಅತ್ತೆ ಹಿಂದಿನ ಸೀಟಿನಲ್ಲಿ ಶಂಕರಪುರ ಮಲ್ಲಿಗೆಯ ಚೆಂಡನ್ನು ಬಾಳೆಲೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಡಿಕ್ಕಿಯಲ್ಲಿ ಭಾವ ನೆಂಟರ ಮಕ್ಕಳಿಗೆಂದು ತಂದ ಚಾಕ್ಲೇಟಿನ ಚೀಲ. ಹತ್ತೂವರೆಗೆ ನಾವು ಹಾಲ್ ತಲುಪಿದೆವು.

ಹಾಲ್ ಎರಡು ಮಾಳಿಗೆಯದ್ದು, ಸುತ್ತ ಮುರಕಲ್ಲಿನ ಅಂಗಳ. ಪಡುಬದಿಗೆ ಒಳ್ಳೆಯ ಉದ್ದ ನೆರಳು ಬಿದ್ದಿತ್ತು. ಊರಿನ ಕಾರುಗಳೆಲ್ಲ ಅಲ್ಲೇ ಒಂದಕ್ಕೊಂದು ಕನ್ನಡಿ ತಾಗಿಸಿ ನಿಂತಿದ್ದವು. ಇನ್ನೂ ಒಂದು ಕಾರಿಗೆ ಜಾಗವಿತ್ತು. ಸೆಕ್ಯೂರಿಟಿಯವ ಸೀಟಿ ಊದಿ ನಮ್ಮನ್ನು ಅಲ್ಲಿಗೇ ಕರೆದ. ನಾನು ಕೈ ಅಲ್ಲಾಡಿಸಿ ಮೂಡುಬದಿಗೆ ಹೋಗಿ, ಸುಡುಬಿಸಿಲಲ್ಲಿ, ಕಾರಿನ ಮೂತಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ.

"ಎಂತ ಭಾವ ಇದು? ಅಲ್ಲಿ ನೆರಳು ಉಂಟಲ್ಲ!" ಎಂದ ಅವನು.

"ಮುಹೂರ್ತ ಎಷ್ಟು ಹೊತ್ತಿಗೆ?"

"ಅಭಿಜಿನ್ ಅಂತ ಕಾರ್ಡಲ್ಲಿತ್ತು."

"ಹಾಗಾದ್ರೆ ತಾಳಿ ಕಟ್ಟಿದ ಮೇಲೆ ಬಂದು ನೋಡು."

ಅತ್ತೆಗೆ ಇದು ಯಾವುದೂ ಬೇಡವಾಗಿತ್ತು. ಮಲ್ಲಿಗೆ ಬಾಡುವ ಮೊದಲು ಒಳಗೆ ಹೋಗಬೇಕಿತ್ತು, ಹೋದರು.

ಅಭಿಜಿನ್ ಅಂದರೆ ನಡುಮಧ್ಯಾಹ್ನದ ಮುಹೂರ್ತ. ನಮ್ಮ ಗಡಿಯಾರ ಓಡುವುದು ಅಲಹಾಬಾದಿನ (ಈಗಿನ ಪ್ರಯಾಗರಾಜ್) ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಉಡುಪಿ ಅದಕ್ಕಿಂತ ಸಾಕಷ್ಟು ಪಶ್ಚಿಮಕ್ಕೆ ಇರುವುದರಿಂದ ಮೇ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವಾಗ ನಮ್ಮ ವಾಚಿನಲ್ಲಿ ಸುಮಾರು ಹನ್ನೆರಡೂವರೆ. ಏಪ್ರಿಲ್ 25ರ ಆಸುಪಾಸಿನಲ್ಲಂತೂ ಆ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶಾಲೆ ಮಕ್ಕಳಿಗೆ ಶೂನ್ಯ ನೆರಳಿನ ದಿನ ಎಂದು ತೋರಿಸುತ್ತಾರಲ್ಲ, ಅದೇ. ಮೇಯಲ್ಲೂ ಪರಿಸ್ಥಿತಿ ಹೆಚ್ಚುಕಮ್ಮಿ ಅಷ್ಟೇ. ಗಟ್ಟಿಮೇಳ ಬಾರಿಸುವಾಗ ಪಡುಬದಿಯ ನೆರಳು ಗೋಡೆಯ ಬುಡ ಸೇರಿ ಮುಗಿದಿರುತ್ತದೆ, ಮೂಡುಬದಿಯದ್ದು ಅಲ್ಲಿಂದಲೇ ಹುಟ್ಟುತ್ತದೆ. ಊಟ ಮುಗಿಸಿ ಹೊರಡುವವನಿಗೆ ಬೇಕಾದದ್ದು ಆ ಎರಡನೆಯ ನೆರಳು. ಇದನ್ನು ನನಗೆ ಹೇಳಿಕೊಟ್ಟದ್ದು ಮಂಗಳೂರಿನ ಒಬ್ಬ ಹಳೆಯ ಅಂಬಾಸಿಡರ್ ಡ್ರೈವರ್. ಮದುವೆ ಬಾಡಿಗೆಗೆ ಬಂದಾಗಲೆಲ್ಲ ಅವರು ಬಂದ ತಕ್ಷಣ ಆಕಾಶ ನೋಡುತ್ತಿದ್ದರು.

ಕಾರ್ಯ ಮುಗಿದು ಊಟದ ಹಂತಿಗೆ ಕಾಯುವಾಗ ಭಾವನಿಗೆ ತಡೆಯಲಾಗದೆ ಹೋಗಿ ನೋಡಿ ಬಂದ. ಆಗ ಒಂದೂವರೆ. "ಬಾನೆಟ್ ಮತ್ತೆ ಎದುರಿನ ಗ್ಲಾಸು ಪೂರ್ತಿ ನೆರಳಲ್ಲುಂಟು ಭಾವ! ಆಚೆಯವರದ್ದು ಹುರಿದುಹೋಗ್ತಾ ಉಂಟು." ಮೂತಿಯನ್ನು ಗೋಡೆ ಕಡೆ ಇಟ್ಟದ್ದು ಅದಕ್ಕೇ. ಕಾರಿನಲ್ಲಿ ಎಲ್ಲಕ್ಕಿಂತ ದೊಡ್ಡ ಗಾಜು ಮುಂದಿನದ್ದು, ಅದರ ಅಡಿಯಲ್ಲೇ ಕಪ್ಪು ಡ್ಯಾಶ್‌ಬೋರ್ಡು. ಬೆಳಕು ಗಾಜಿನಲ್ಲಿ ಸಲೀಸಾಗಿ ಒಳಗೆ ಬರುತ್ತದೆ, ಡ್ಯಾಶ್‌ಬೋರ್ಡ್ ಅದನ್ನು ಹೀರಿ ಕಾಯುತ್ತದೆ, ಆ ಕಾವು ಮಾತ್ರ ಗಾಜು ದಾಟಿ ಹೊರಗೆ ಹೋಗುವುದಿಲ್ಲ. ಹೊರಗೆ 34 ಡಿಗ್ರಿ ಇದ್ದರೆ ಒಂದು ಗಂಟೆಯಲ್ಲಿ ಒಳಗಿನ ಗಾಳಿ 50 ದಾಟುವುದು ದೊಡ್ಡ ವಿಷಯವೇ ಅಲ್ಲ, ಅದರಲ್ಲೂ ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಗಾಜು ಎರಡು ಬೆರಳು ಇಳಿಸಿಟ್ಟರೆ ಸಾಕು ಎಂದು ನಂಬಿ ಮಗುವನ್ನೋ ನಾಯಿಯನ್ನೋ ಒಳಗೆ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಷ್ಟು ಸಂದಿಯಿಂದ ಒಳಗಿನ ಕಾವು ಇಳಿಯುವುದಿಲ್ಲ.

ಹಂತಿಯಲ್ಲಿ ನನ್ನ ಪಕ್ಕ ಕೂತ ಭಾವ ತನ್ನ ಊರಿನ ಕತೆ ಬಿಚ್ಚಿದ. ಅವನಿಗೂ ಅಲ್ಲಿ ಬಯಲಲ್ಲೇ ಪಾರ್ಕಿಂಗ್. ಜನವರಿಯಲ್ಲಿ ಮೈನಸ್ 30.

"ನಮ್ಮ ಕಾರಿನ ಮೂತಿಯಿಂದ ಒಂದು ವಯರು ನೇತಾಡ್ತದೆ ಭಾವ. ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಪ್ರತಿ ಕಾರಿನ ಎದುರು ಒಂದು ಕಂಬ, ಕಂಬದಲ್ಲಿ ಪ್ಲಗ್ಗು. ರಾತ್ರಿ ಅದಕ್ಕೆ ಸಿಕ್ಕಿಸಿ ಮಲಗುವುದು."

"ಅದು ಕರೆಂಟಿನ ಕಾರಾ?" ಎದುರು ಸಾಲಿನಿಂದ ಅತ್ತೆ.

"ಅಲ್ಲಮ್ಮ, ಪೆಟ್ರೋಲಿಂದೇ. ಇಂಜಿನ್ ಬೆಚ್ಚಗಿಡ್ಲಿಕ್ಕೆ."

ಅದಕ್ಕೆ ಬ್ಲಾಕ್ ಹೀಟರ್ ಎನ್ನುತ್ತಾರಂತೆ. ಇಂಜಿನ್ನಿನೊಳಗಿನ ಕೂಲೆಂಟ್ ಬಿಸಿ ಮಾಡುವ ಸಣ್ಣ ಕಾಯಿಲ್. ಆ ಚಳಿಯಲ್ಲಿ ಆಯಿಲ್ ಜೇನಿನ ಹಾಗೆ ದಪ್ಪಗಾಗುತ್ತದೆ. ಬ್ಯಾಟರಿಯ ಶಕ್ತಿಯೂ ಮೈನಸ್ 18ಕ್ಕೇ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ತಿರುಗಿಸಬೇಕಾದ ಇಂಜಿನ್ ಗಟ್ಟಿ, ತಿರುಗಿಸುವ ಬ್ಯಾಟರಿ ಸೋತದ್ದು. ರಾತ್ರಿಯಿಡೀ ಹೀಟರ್ ಉರಿಸಿದರೆ ಕರೆಂಟು ದಂಡ. ಹೊರಡುವ ಮೂರು-ನಾಲ್ಕು ಗಂಟೆ ಮೊದಲು ಹೊತ್ತಿದರೆ ಸಾಕು ಎಂದು ಎಲ್ಲರೂ ಟೈಮರ್ ಇಡುತ್ತಾರೆ. ಅಂದರೆ ಅವನೂ ನನ್ನ ಹಾಗೆಯೇ: ಬಂದ ಹೊತ್ತನ್ನು ಬಿಟ್ಟು ಹೊರಡುವ ಹೊತ್ತಿನ ಲೆಕ್ಕದಲ್ಲೇ ಕಾರು ನಿಲ್ಲಿಸುವವನು.

ನನಗೆ ಖುಷಿಯಾಗಿ ಕೆದಕಿದೆ. ಎದುರಿನ ಗಾಜಿನ ಮೇಲೆ ಐಸು ಕಟ್ಟಿದರೆ?

"ಕೆರೆದು ತೆಗೆಯುವುದು. ಅದಕ್ಕೊಂದು ಪ್ಲಾಸ್ಟಿಕ್ ಸಟ್ಟುಗ ಉಂಟು. ಬಿಸಿನೀರು ಮಾತ್ರ ಹೊಯ್ಯಬಾರದು, ಗ್ಲಾಸು ಟಪ್ ಅಂತ ಒಡೀತದೆ. ವೈಪರ್ ಎತ್ತಿ ನಿಲ್ಲಿಸಿಡಬೇಕು, ಇಲ್ಲದಿದ್ರೆ ಗ್ಲಾಸಿಗೇ ಅಂಟ್ತದೆ, ಎಳೆದ್ರೆ ರಬ್ಬರ್ ಕಿತ್ತು ಬರ್ತದೆ. ಬಾಗಿಲಿನ ರಬ್ಬರ್ ಕೂಡ ಹಾಗೇ, ಚಳಿ ಶುರುವಾಗುವ ಮೊದಲೇ ಸಿಲಿಕೋನ್ ಹಚ್ಚಿಡ್ಬೇಕು."

"ನೀನೂ ಬಿಸಿಲು ನೋಡಿ ನಿಲ್ಲಿಸಬಹುದಲ್ಲ? ಮೂಡಕ್ಕೆ ಮುಖ ಮಾಡಿ ಇಟ್ಟರೆ ಬೆಳಗಿನ ಬಿಸಿಲಿಗೆ ಐಸು ತಾನೇ ಕರಗೀತು."

ಅವನು ಹೋಳಿಗೆ ಕೆಳಗಿಟ್ಟು ನಗತೊಡಗಿದ. ವಿನ್ನಿಪೆಗ್‌ನಲ್ಲಿ ಜನವರಿ ಮೊದಲ ವಾರ ಸೂರ್ಯ ಹುಟ್ಟುವುದೇ ಎಂಟು ಗಂಟೆ ಕಳೆದು. ಇವನ ಡ್ಯೂಟಿ ಏಳಕ್ಕೆ. ಭಾನುವಾರ ಮಾತ್ರ ಆ ಉಪಾಯ ನಡೆಯುತ್ತದಂತೆ.

ಟೈರಿನ ವಿಷಯಕ್ಕೂ ಮಾತು ಹೋಯಿತು. ಹವೆ ಸುಮಾರು ಐದೂವರೆ ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಒಂದು ಪಿಎಸ್‌ಐಯಷ್ಟು ಇಳಿಯುತ್ತದೆ. ಅಲ್ಲಿ ಶರತ್ಕಾಲದಲ್ಲಿ ತುಂಬಿಸಿದ್ದು ಚಳಿಗಾಲಕ್ಕೆ ಸಾಲುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬರುತ್ತದೆ. ಇಲ್ಲಿ ಅದರ ಉಲ್ಟಾ ತಮಾಷೆ: ಮಧ್ಯಾಹ್ನ ಹೈವೇಯಲ್ಲಿ ಓಡಿ ಬಂದು ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದರೆ ಜಾಸ್ತಿ ತೋರಿಸುತ್ತದೆ, ಹುಡುಗ ಒಂದಷ್ಟು ಗಾಳಿ ಹೊರಗೆ ಬಿಡುತ್ತಾನೆ, ಮರುದಿನ ಬೆಳಿಗ್ಗೆ ಟೈರು ಸಪ್ಪೆ. ಗಾಳಿ ನೋಡಿಸುವುದು ಟೈರು ತಣ್ಣಗಿರುವಾಗಲೇ. ಉಪ್ಪಿನ ಕಾಟ ಮಾತ್ರ ಇಬ್ಬರಿಗೂ ಸಮಾನ. ಅಲ್ಲಿ ಐಸು ಕರಗಿಸಲು ರಸ್ತೆಗೆ ಚೆಲ್ಲುತ್ತಾರೆ, ಇಲ್ಲಿ ಮಲ್ಪೆ-ಪಣಂಬೂರಿನ ಕಡಲ ಗಾಳಿಯೇ ಹೊತ್ತು ತರುತ್ತದೆ. ಎರಡೂ ಕಡೆ ಕಾರಿಗೆ ತುಕ್ಕು ಹಿಡಿಯುವುದು ಅಡಿಯಿಂದ.

ಎರಡೂವರೆಗೆ ಹೊರಗೆ ಬಂದೆವು. ನಮ್ಮ ಕಾರು ಡಿಕ್ಕಿಯವರೆಗೂ ನೆರಳಿನಲ್ಲಿತ್ತು. ಪಡುಬದಿಯಲ್ಲಿ ಒಬ್ಬರು ಪಂಚೆಯ ತುದಿಯಿಂದ ಬಾಗಿಲಿನ ಹಿಡಿ ಹಿಡಿದು ತೆಗೆಯುತ್ತಿದ್ದರು. ಇನ್ನೊಂದು ಕಾರಿನಲ್ಲಿ ಸೀಟ್ ಬೆಲ್ಟಿನ ಬಕಲ್ ಮುಟ್ಟಿದ ಹುಡುಗಿ ಕೈ ಒದರುತ್ತ ಅಪ್ಪನನ್ನು ಬೈಯುತ್ತಿದ್ದಳು. ಆದರೂ ಬೆಳಗ್ಗೆ ಹೀರಿದ ಕಾವು ನಮ್ಮದರಲ್ಲೂ ಇತ್ತು. ಹಿಂದಿನ ಎಡಗಾಜು ಪೂರ್ತಿ ಇಳಿಸಿ, ಡ್ರೈವರ್ ಬಾಗಿಲನ್ನು ಬೀಸಣಿಗೆಯಂತೆ ಐದಾರು ಸಲ ತೆಗೆದು ಹಾಕಿದೆ. ಒಳಗಿನ ಬಿಸಿಗಾಳಿ ಆಚೆಯಿಂದ ದಬ್ಬಿಕೊಂಡು ಹೋಗುವುದು ಅಲ್ಲಿ ನಿಂತ ಭಾವನ ಮುಖಕ್ಕೇ ಹೊಡೆಯಿತು. ಸ್ಟಿಯರಿಂಗಿನ ಮೇಲೆ ಹಾಸಿಟ್ಟಿದ್ದ ಬೈರಾಸು ತೆಗೆದು, ಗಾಜು ಇಳಿಸಿಯೇ ಸ್ವಲ್ಪ ದೂರ ಹೋಗಿ, ಆಮೇಲೆ ಗಾಜು ಏರಿಸಿ ಎಸಿಯನ್ನು ಒಳಗಿನ ಗಾಳಿಗೆ ತಿರುಗಿಸಿದೆ. ಕೂತ ಕೂಡಲೇ ಗಾಜು ಮುಚ್ಚಿ ಎಸಿ ಹಾಕಿದರೆ ಅದು ಒಳಗಿನ ಬೆಂಕಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತ ಒದ್ದಾಡುತ್ತದೆ.

ಸಂತೋಷದಿಂದ ಭಾವ ಹೇಳಿದ, "ನಿಮ್ಮ ಲೆಕ್ಕ ಸರಿ ಭಾವ." ನಾನು ಗಂಭೀರವಾಗಿ ತಲೆಯಾಡಿಸಿದೆ.

ಕಾಪುವಿನಲ್ಲಿ ಒಬ್ಬ ನೆಂಟರ ಮನೆಗೆ ಹೋಗಲಿಕ್ಕಿತ್ತು. ಮಕ್ಕಳಿಗೆ ಕೊಡೋಣವೆಂದು ಡಿಕ್ಕಿ ತೆಗೆದಾಗ ಚಾಕ್ಲೇಟಿನ ಚೀಲ ಮೆತ್ತಗೆ ಓಲಾಡಿತು. ನೆರಳು ಗೋಡೆಯಿಂದ ಹೊರಟು ಡಿಕ್ಕಿಗೆ ಕೊನೆಗೆ ತಲುಪಿತ್ತಲ್ಲ. ಅಷ್ಟರೊಳಗೆ ಒಳಗಿದ್ದದ್ದೆಲ್ಲ ಕರಗಿ, ಕಾಗದ ಸಮೇತ ಒಂದೇ ಮುದ್ದೆ.

"ಫ್ರಿಜ್ಜಲ್ಲಿ ಇಡಿ, ಗಟ್ಟಿಯಾಗ್ತದೆ" ಎಂದಳು ಹೆಂಡತಿ, ನನ್ನನ್ನು ನೋಡದೆ.

ಆ ಮನೆಯ ಮಕ್ಕಳು ಅಷ್ಟು ಹೊತ್ತು ಕಾಯುವ ಜಾತಿಯವರಲ್ಲ. ಅಡುಗೆಮನೆಯಿಂದ ಚಮಚ ತಂದರು. ಭಾವ ಅಂಗಳದಲ್ಲಿ ನಿಂತು ಕಾರಿನ ಸುತ್ತ ನಾಲ್ಕೂ ಕಡೆ ನೋಡಿ, "ಇಲ್ಲಿಂದ ಎಷ್ಟು ಹೊತ್ತಿಗೆ ಹೊರಡುವುದು ಭಾವ?" ಎಂದು ಕೇಳಿದ. ಐದಕ್ಕೆ ಎಂದೆ. ಬೀಗದ ಕೈ ಇಸಿದುಕೊಂಡು ಕಾರನ್ನು ಕೊಟ್ಟಿಗೆಯ ಆಚೆ ಮಗ್ಗುಲಿಗೆ ತಿರುಗಿಸಿ ನಿಲ್ಲಿಸಿದ.